ಸರ್ವರಿನ ಮುಂದೆ ಕೋಳಿ ಕೂಗಿದ ಮಂತ್ರಿ

ಕೇಳಿ ಮಕ್ಕಳೇ, ಕಿವಿ ಇತ್ತ ಇರಲಿ. ಯಾವ ನಕಾಶೆಗೂ ಸಿಗದ ಕುಂಬಳಾವತಿ ಎಂಬ ರಾಜ್ಯವೊಂದಿತ್ತು. ಅಲ್ಲಿ ದುಂಡುವರ್ಮನೆಂಬ ರಾಜನಿದ್ದ. ಯಾರ ಹೊಲಕ್ಕೆ ಯಾವ ದಿನ ಕಾಲುವೆಯ ನೀರು ಎಂಬ ಸರದಿಯೆಲ್ಲ ಒಂದು ಸರ್ವರಿನಲ್ಲಿತ್ತು. ಪರರಾಜ್ಯದ ಯಂತ್ರವನ್ನು ಬಾಡಿಗೆಗೆ ಹಿಡಿದರೆ ನಮ್ಮ ನೀರಿನ ಕೀಲಿ ಅವರ ಸೊಂಟದಲ್ಲಿರುತ್ತದೆ ಎಂದು ರಾಜ ಆ ಸರ್ವರನ್ನು ಆನೆಲಾಯದ ಪಕ್ಕದ ಕೋಣೆಯಲ್ಲೇ ಇಡಿಸಿದ್ದ.

ಅದನ್ನು ನೋಡಿಕೊಳ್ಳುವವಳು ಹೊನ್ನಾಂಬೆ. ಅವಳ ಜೊತೆಗೆ ಇನ್ನೊಂದು ಜೀವ: ಬೆಚ್ಚಗಿದೆಯೆಂದು ಸರ್ವರಿನ ಮೇಲೆ ಮಲಗುವ ಬೆಕ್ಕು. ಹೊನ್ನಾಂಬೆ ಯಾವ ಕೆಲಸ ಮಾಡಿದರೂ ಪುಸ್ತಕದಲ್ಲಿ ಬರೆದಿಡುವಳು. ಎಡಪುಟದಲ್ಲಿ ಏನು ಮಾಡಬೇಕು, ಬಲಪುಟದಲ್ಲಿ ಏಕೆ ಮಾಡಬೇಕು. ಪುಸ್ತಕವನ್ನು ಬಾಗಿಲ ಮೊಳೆಗೆ ತೂಗುಹಾಕುವಳು. ತಾನಿಲ್ಲದ ದಿನವೂ ಹೊಲಕ್ಕೆ ನೀರು ತಪ್ಪಬಾರದು.

ಒಮ್ಮೆ ಸರ್ವರ್ ನಿಂತಿತು. ಡಿಸ್ಕ್ ತುಂಬಿತ್ತು. ಹಳೆಯ ಕಸ ಅಳಿಸಿದಳು, ಬರೆದಳು. ಮಂತ್ರಿ ಬೃಹದ್ಭಾನು ಎಡಪುಟ ಉರುಹೊಡೆದು ರಾಜನ ಬಳಿಗೆ ಓಡಿದ. "ನಾನೇ ಸರಿಮಾಡಿದೆ, ಪ್ರಭು." ರಾಜ ಶಾಲು ಹೊದಿಸಿದ.

ಮತ್ತೊಮ್ಮೆ ನಿಂತಿತು. ಸರ್ವರಿನ ಗುರುತು ಸಾರುವ ಪ್ರಮಾಣಪತ್ರದ ಅವಧಿ ಮುಗಿದಿತ್ತು. ನವೀಕರಿಸಿದಳು, ಬರೆದಳು. "ನಾನೇ, ಪ್ರಭು." ಎರಡನೆಯ ಶಾಲು.

ಮಗುದೊಮ್ಮೆ ನಿಂತಿತು. ಫ್ಯಾನಿನೊಳಗೆ ಬೆಕ್ಕಿನ ಕೂದಲು. ಕಿತ್ತು ತೆಗೆದಳು, ಬರೆದಳು. "ನಾನೇ, ಪ್ರಭು." ಮೂರನೆಯ ಶಾಲು.

"ಶಾಲು ಅವನಿಗೆ, ಧೂಳು ನಿನಗೆ," ಎಂದಿತು ಬೆಕ್ಕು. "ಬಾಯಿಬಿಡೇ, ತಾಯಿ."

"ಕೂದಲು ಯಾರದೆಂದು ಮೊದಲು ಬಾಯಿಬಿಡಲೇ?"

ಬೆಕ್ಕು ಅವಸರವಾಗಿ ಮುಖ ತೊಳೆಯತೊಡಗಿತು.

ಮೂರು ಶಾಲು ಹೊದ್ದು ಬೆವರುತ್ತಿದ್ದ ಮಂತ್ರಿ ಒಂದು ದಿನ ರಾಜನಿಗೆ ಹೇಳಿದ: "ಪ್ರಭು, ಎಲ್ಲವನ್ನೂ ನಾನೇ ಮಾಡುವಾಗ ಆ ಹೆಣ್ಣೇಕೆ? ಕಳುಹಿಸಿಬಿಡಿ."

ರಾಜ ಹೊನ್ನಾಂಬೆಯನ್ನು ಕರೆಸಿದ. "ಏನಮ್ಮಾ, ನೀನು ಮಾಡುವುದಾದರೂ ಏನು?"

ಅವಳ ಹೊಟ್ಟೆಯಲ್ಲಿ ಕೆಂಡವಿತ್ತು, ಮಾತಿನಲ್ಲಿ ಹೊಗೆಯೂ ಇರಲಿಲ್ಲ. ತಾನು ಹೋದರೆ ನಾಲ್ಕನೆಯ ಸಲ ನಿಂತರೆ ಸರ್ವರ್ ನಿಂತೇ ಇರುತ್ತದೆ, ಹೊಲಗಳು ಒಣಗುತ್ತವೆ ಎಂಬುದು ಅವಳಿಗೆ ಸ್ಪಷ್ಟವಿತ್ತು. "ಹೊಸ ಸಾಫ್ಟ್‌ವೇರ್ ಹಾಕಿದ್ದೇನೆ, ಪ್ರಭು. ಮರುಚಾಲನೆಯೊಂದು ಬಾಕಿ. ನಾಳೆ ಸಭೆಯ ಮುಂದೆ ಮಂತ್ರಿಗಳೇ ಅದನ್ನು ಮಾಡಿ, ಏಕೆ ಹಾಗೆ ಮಾಡಿದೆನೆಂದು ಹೇಳಲಿ. ಹೇಳಿದರೆ ನಾನು ಹೊರಡುತ್ತೇನೆ."

ಹೋಗಿ ಎರಡು ಪುಟ ಬರೆದಳು. ಪುಸ್ತಕವನ್ನು ಮೊಳೆಗೆ ತೂಗುಹಾಕಿದಳು.

ಮರುದಿನ ಸರ್ವರಿನ ಕೋಣೆಯಲ್ಲೇ ಸಭೆ ನೆರೆಯಿತು. ಮಂತ್ರಿ ಬೆಳಗ್ಗೆಯೇ ಎಡಪುಟ ಬಾಯಿಪಾಠ ಮಾಡಿಕೊಂಡಿದ್ದ. ಗುಂಡಿ ಒತ್ತಿದ. ಪೇಟ ತೆಗೆದು ಸರ್ವರಿಗೆ ತೊಡಿಸಿದ. ಸುತ್ತ ಮೂರು ಪ್ರದಕ್ಷಿಣೆ ಹಾಕಿದ. ಒಂದೊಂದು ಸುತ್ತಿಗೂ ಕತ್ತು ಚಾಚಿ ಕೂಗಿದ: "ಕೊಕ್ಕೊಕ್ಕೋ!"

"ಎಲ್ಲಿ ಕೋಳಿ?" ಎಂದು ಬೆಕ್ಕು ಎಚ್ಚೆತ್ತು ಅವನ ಬೋಳುತಲೆಗೆ ನೆಗೆಯಿತು.

"ಇದೇನಯ್ಯಾ ಇದು?" ಎಂದ ರಾಜ.

"ಗಹನವಾದ ತಂತ್ರ, ಪ್ರಭು," ಎಂದ ಮಂತ್ರಿ, ತಲೆಯ ಮೇಲೆ ಬೆಕ್ಕನ್ನು ಹೊತ್ತು. "ಕೂಗದಿದ್ದರೆ ಡಿಸ್ಕ್ ಏಳುವುದಿಲ್ಲ."

"ಮೊದಲ ಕೂಗಿಗೆ ಮುಂಚೆಯೇ ಹಸಿರು ದೀಪ ಹೊತ್ತಿದೆ," ಎಂದಳು ಹೊನ್ನಾಂಬೆ. "ಕಾರಣ ಬಲಪುಟದಲ್ಲಿದೆ. ತಾವೇ ಓದಿ, ಪ್ರಭು."

ರಾಜ ಗಟ್ಟಿಯಾಗಿ ಓದಿದ: "ಗುಂಡಿ ಒತ್ತಿದರೆ ಸಾಕು. ಎಡಪುಟದ ಉಳಿದದ್ದೆಲ್ಲ ವ್ಯರ್ಥ. ಈ ಪುಟ ಓದದೆ ಕೆಲಸ ತನ್ನದೆನ್ನುವವರು ಯಾರೆಂದು ಗುರುತಿಸಲು ಬರೆದಿದ್ದೇನೆ."

ಸಭೆ ನಕ್ಕಿತು. ಪಕ್ಕದ ಲಾಯದಲ್ಲಿ ಆನೆಯೂ ಘೀಳಿಟ್ಟಿತು. ಹಿಂದಿನ ಪುಟಗಳನ್ನು ತಿರುವಿದ ರಾಜ ತಲೆ ತಗ್ಗಿಸಿದ. ಮೂರು ಶಾಲೂ ಹೊನ್ನಾಂಬೆಯ ಕೈಗೆ ಬಂದವು. ಅವಳು ಅವನ್ನು ಮೂಲೆಯಲ್ಲಿ ಮಡಿಸಿ ಹಾಸಿ ಬೆಕ್ಕನ್ನು ಮಲಗಿಸಿದಳು. ಫ್ಯಾನಿಗೆ ಇನ್ನು ಕೂದಲಿನ ಕಾಟವಿಲ್ಲ. ಮಂತ್ರಿಗೆ ದಿನವೂ ಬೆಕ್ಕಿನ ಮೈ ಬಾಚುವ ಕೆಲಸ. ಬಾಚಿದ ಮೇಲೆ, ಏಕೆ ಬಾಚಿದೆನೆಂದು ಬಲಪುಟದಲ್ಲಿ ಬರೆದು ಸಹಿ ಹಾಕಬೇಕು.

ನೀತಿ ಇಷ್ಟೇ ಮಕ್ಕಳೇ: ಪರರ ಕೆಲಸವನ್ನು ಕದ್ದವನಿಗೆ ಅದರ ಕಾರಣವನ್ನು ಕದಿಯಲಾಗುವುದಿಲ್ಲ. ಏಕೆ ಎಂದು ಕೇಳಿ, ಸಿಕ್ಕಿಬೀಳುತ್ತಾನೆ.

ಕುಂಬಳಾವತಿಯಲ್ಲಿ ನೀರು ಹರಿಯಿತು, ನಮ್ಮ ಕಥೆ ಇಲ್ಲಿಗೆ ನಿಂತಿತು.