ಚಾಪೆಯ ಮೇಲಿಟ್ಟ ಕೋವಿ

"ಅಜ್ಜಯ್ಯ, ಒಳ್ಳೆಯವನೊಬ್ಬ ಯಾರ ಅಪ್ಪಣೆಯನ್ನೂ ಕೇಳದೆ ಕೋವಿ ಇಟ್ಟುಕೊಂಡು ಓಡಾಡಿದರೆ ಯಾರಿಗೆ ಏನು ನಷ್ಟ?" ಎಂದು ಶಿಷ್ಯ ಅಡವೆಪ್ಪ ಕೇಳಿದ.

ಅವನೇ ಮುಂದುವರಿಸಿದ. ಹೊಳೆಯಾಚೆಯ ಸೀಮೆಗಳಲ್ಲಿ ಒಂದಾದ ಮೇಲೊಂದರಂತೆ ಅಪ್ಪಣೆಯ ಕಟ್ಟಳೆಯನ್ನು ತೆಗೆದುಹಾಕುತ್ತಿದ್ದಾರೆ. ಇನ್ನು ಸ್ವಲ್ಪ ದಿನಕ್ಕೆ ಈಚೆಗೂ ಬರುತ್ತದಂತೆ. ತನ್ನ ಅಣ್ಣ ಅದಕ್ಕಾಗಿಯೇ ಕಾಯುತ್ತಿದ್ದಾನೆ. ಅಣ್ಣ ಯಾರ ತಂಟೆಗೂ ಹೋದವನಲ್ಲ.

"ಅವನು ಯಾರಿಗೂ ಗುಂಡು ಹೊಡೆಯುವುದಿಲ್ಲ ಅಜ್ಜಯ್ಯ. ಅದು ಸುಮ್ಮನೆ ಸೊಂಟದಲ್ಲಿರುತ್ತದೆ, ಅಷ್ಟೇ."

"ಸುಮ್ಮನೆ ಇರುತ್ತದೆಯೋ! ಹಾಗಂತ ನಿನಗೆ ಯಾರು ಹೇಳಿದರು, ಕೋವಿಯೋ?" ಎಂದರು ಗುರುಗಳು. "ಕೂತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಿದೆಯೋ, ಅಲ್ಲಿಗೇ ನಿಲ್ಲಿಸಿಬಿಡುತ್ತೇನೆ."

ಅಡವೆಪ್ಪ ಕೂತ. ಗುರುಗಳು ಹೇಳತೊಡಗಿದರು.

ಒಂದು ಊರು. ಆ ಊರಲ್ಲಿ ಕೋವಿ ಬೇಕಾದವನು ಚಾವಡಿಗೆ ಬಂದು, ಜನರ ಎದುರು ನಿಂತು ಕೇಳಬೇಕಿತ್ತು. ಯಾತಕ್ಕೆ ಬೇಕು ಎಂದು ಹೇಳಬೇಕಿತ್ತು. ಅಕ್ಕಪಕ್ಕದ ಮನೆಯವರು ಬಂದು, 'ಇವನನ್ನು ನಾವು ಬಲ್ಲೆವು, ಕೊಡಿ' ಎನ್ನಬೇಕಿತ್ತು. ಹೊಲಕ್ಕೆ ಹಂದಿ ನುಗ್ಗುತ್ತದೆ ಎಂದವನಿಗೆ ಸಿಗುತ್ತಿತ್ತು. ಕುಡಿದು ಬಂದು ಹೆಂಡತಿಗೆ ಹೊಡೆಯುವವನು ಕೇಳಿದರೆ, ಪಕ್ಕದ ಮನೆಯ ಮುದುಕಿಯೇ ಎದ್ದು, 'ಇವನ ಕೈಗೆ ಕೋಲು ಕೊಡುವುದೂ ಬೇಡ' ಎನ್ನುತ್ತಿದ್ದಳು. ಜನ ನಗುತ್ತಿದ್ದರು. ಅವನು ತಲೆ ತಗ್ಗಿಸಿಕೊಂಡು ಮನೆಗೆ ಹೋಗುತ್ತಿದ್ದ. ಮುಂದೆ ಬೇಡವೆನಿಸಿದವನು ಅದೇ ಚಾವಡಿಗೆ ಕೋವಿಯನ್ನು ತಂದು ಒಪ್ಪಿಸುತ್ತಿದ್ದ. ಹೀಗಾಗಿ ಯಾರ ಹತ್ತಿರ ಇದೆ, ಯಾರ ಹತ್ತಿರ ಇಲ್ಲ ಎಂಬುದು ಊರಿಗೆಲ್ಲ ಗೊತ್ತಿರುತ್ತಿತ್ತು.

ಪಕ್ಕದ ಸೀಮೆಯವರು ಈ ಕಟ್ಟಳೆಯನ್ನು ಕಿತ್ತುಹಾಕಿದರು. 'ಒಳ್ಳೆಯವನು ಯಾಕೆ ಕೈಕಟ್ಟಿ ನಿಂತು ಕೇಳಬೇಕು? ಕೇಳುವುದೇ ಅವಮಾನ' ಎಂದರು. ಮಾತು ಕಿವಿಗೆ ಚೆನ್ನಾಗಿತ್ತು. ಅವರನ್ನು ನೋಡಿ ಅವರಾಚೆಯವರು ತೆಗೆದರು, ಆಚೆಯವರನ್ನು ನೋಡಿ ಇನ್ನೂ ಆಚೆಯವರು ತೆಗೆದರು. ಹೊಸ ಬಗೆಯ ರುಮಾಲು ಊರಿಂದ ಊರಿಗೆ ಹೋಗುತ್ತದಲ್ಲ, ಹಾಗೆ. ನಾವೇನು ಕಡಿಮೆ ಎಂದು ಈ ಊರಿನವರೂ ತೆಗೆದರು. ಅಂದಿನಿಂದ ಬೇಕೆಂದವನು ಕೊಂಡ, ಸೊಂಟಕ್ಕೆ ಸಿಕ್ಕಿಸಿದ, ಮೇಲೆ ವಲ್ಲಿ ಹೊದ್ದುಕೊಂಡ. ಯಾಕೆ ಎಂದು ಕೇಳುವವರು ಯಾರೂ ಇರಲಿಲ್ಲ.

ಆ ಊರಲ್ಲಿ ಒಬ್ಬ ರೈತನಿದ್ದ. ಒಳ್ಳೆಯವನು. ನೋಡು ಅಡವೆಪ್ಪ, ಕತೆ ಸುಲಭವಾಗಲಿ ಅಂತ ಮನಸ್ಸಿನಲ್ಲೇ ಅವನನ್ನು ಕೆಟ್ಟವನನ್ನಾಗಿ ಮಾಡಿಕೊಳ್ಳಬೇಡ. ನಿನ್ನ ಅಣ್ಣನಷ್ಟೇ ಒಳ್ಳೆಯವನು. ಎಲ್ಲರೂ ಕೊಂಡರು ಅಂತ ಅವನೂ ಒಂದು ಸಣ್ಣ ಕೋವಿ ಕೊಂಡ. ಅದನ್ನು ಯಾರ ಮೇಲೂ ಎತ್ತಲಿಲ್ಲ. ಯಾರಿಗೂ ತೋರಿಸಿ ಹೆದರಿಸಲಿಲ್ಲ. ಅದು ಸೊಂಟದಲ್ಲಿದೆ ಎಂಬುದೇ ಅವನಿಗೆ ಎಷ್ಟೋ ಸಲ ಮರೆತುಹೋಗುತ್ತಿತ್ತು.

ಆದರೆ ವಲ್ಲಿಯಡಿಯ ಉಬ್ಬು ಕಂಡ ಬೇರೆಯವರಿಗೆ ಮರೆಯುತ್ತಿರಲಿಲ್ಲ. ಸಂತೆಯಲ್ಲಿ ಎತ್ತು ಮಾರುವವನು ಮೊದಲೆಲ್ಲ ಇವನೊಂದಿಗೆ ಗಂಟಲು ಹರಿದುಕೊಳ್ಳುತ್ತಿದ್ದ. ಈಗ ಇವನು ಕೇಳಿದ ಬೆಲೆಗೆ ಹೂಂ ಎಂದುಬಿಟ್ಟ. ಪಕ್ಕದ ಹೊಲದವನೊಬ್ಬನಿದ್ದ. ಇವನ ಎಮ್ಮೆ ಒಂದು ಹೆಜ್ಜೆ ದಾಟಿದರೆ ಸಾಕು, ಇವನ ಏಳು ತಲೆಮಾರಿನವರನ್ನೂ ಹೊಲಕ್ಕೆ ಕರೆದು ಬೈಯುತ್ತಿದ್ದ. ಈಗ ಅದೇ ಎಮ್ಮೆ ಅರ್ಧ ಪೈರು ಮೇಯ್ದರೂ, 'ಪರವಾಗಿಲ್ಲ ಬಿಡಿ, ಮೂಕ ಪ್ರಾಣಿ' ಎಂದು ನಕ್ಕ. ಹುಟ್ಟಿದಾಗಿನಿಂದ ಇವನನ್ನು 'ಲೇ' ಎಂದೇ ಕರೆದವನು 'ತಾವು' ಎನ್ನತೊಡಗಿದ. ರೈತ ಏನು ತಿಳಿದುಕೊಂಡ ಗೊತ್ತೇ? 'ನನ್ನ ಒಳ್ಳೆಯತನ ಕೊನೆಗೂ ಜನರಿಗೆ ಅರ್ಥವಾಯಿತು' ಎಂದು ತಿಳಿದುಕೊಂಡ. ಅಯ್ಯೋ ಪಾಪ, ಹಿಗ್ಗಿಹೋದ.

ಅದೇ ಊರಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ. ಅವನಿಗೊಬ್ಬಳು ಮಗಳು. ಅಪ್ಪ ಊಟಕ್ಕೆ ಹೋದಾಗ ಅಂಗಡಿಯಲ್ಲಿ ಅವಳೇ ಕೂರುತ್ತಿದ್ದಳು. ಕೋವಿ ಕೊಳ್ಳುವುದಕ್ಕೂ ಮುಂಚೆ ಒಂದು ದಿನ ರೈತ ಆ ಅಂಗಡಿಗೆ ಹೋಗಿದ್ದ. ರುಚಿ ನೋಡುತ್ತೇನೆ ಎಂದು ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡ. ಇನ್ನೊಂದು ಹಾಕಿಕೊಂಡ. ಮತ್ತೊಂದಕ್ಕೆ ಕೈ ಚಾಚಿದಾಗ ಅವಳು, 'ಏನಪ್ಪಾ, ಕೊಳ್ಳುತ್ತೀಯೋ, ಇಲ್ಲೇ ಎಲೆ ಹಾಕಿ ಬಡಿಸಲೋ?' ಎಂದಳು. ಸುತ್ತಲಿದ್ದವರು ನಕ್ಕರು. ರೈತನಿಗೆ ನಾಚಿಕೆಯಾಯಿತು. ಆದರೆ ಆ ಹುಡುಗಿ ಅಂದೇ ಅವನ ಮನಸ್ಸಿನಲ್ಲಿ ಕೂತುಬಿಟ್ಟಳು. ಮದುವೆಯಾದರೆ ಇವಳನ್ನೇ, ಮನೆಯಲ್ಲಿ ಮುಖಕ್ಕೆ ಮುಖ ಕೊಟ್ಟು ಬೈಯುವವಳು ಒಬ್ಬಳಿರಬೇಕು ಎಂದುಕೊಂಡ. ತಾಯಿ ಇಲ್ಲದೆ ಬೆಳೆದವನು. ಅವನಿಗೆ ಬೈದು ಹೇಳುವವರು ಯಾರೂ ಇರಲಿಲ್ಲ.

ಸುಗ್ಗಿ ಮುಗಿದ ಮೇಲೆ ಹೆಣ್ಣು ಕೇಳಲು ಹೋದ. ವ್ಯಾಪಾರಿ ಜಗುಲಿಯ ಮೇಲೆ ಚಾಪೆ ಹಾಸಿದ, ಎಲೆ ಅಡಿಕೆಯ ತಟ್ಟೆ ಇಟ್ಟ. ಹೆಣ್ಣು ಹೆತ್ತವರು ಕೇಳಿದ ಕೂಡಲೇ ಹೂಂ ಎನ್ನುವುದು ಎಲ್ಲಿಯೂ ಇಲ್ಲ. ಮನೆಯಲ್ಲಿ ಕೇಳಿ ಹೇಳುತ್ತೇವೆ ಎನ್ನುತ್ತಾರೆ. ಇಷ್ಟವಿಲ್ಲದಿದ್ದರೆ ಆ ಮಾತಿನಲ್ಲೇ ತೇಲಿಸಿಬಿಡುತ್ತಾರೆ, ಯಾರ ಮರ್ಯಾದೆಗೂ ಕುಂದಿಲ್ಲ. ರೈತನಿಗೂ ಅದು ಗೊತ್ತಿತ್ತು. ಕಾಯಲು ಸಿದ್ಧನಾಗಿಯೇ ಬಂದಿದ್ದ. ಕೂತಾಗ ಸೊಂಟದಲ್ಲಿದ್ದದ್ದು ಒತ್ತಿತು. ತೆಗೆದು ತಟ್ಟೆಯ ಪಕ್ಕದಲ್ಲಿ ಚಾಪೆಯ ಮೇಲೆ ಇಟ್ಟ. ಒತ್ತುತ್ತದೆ ಎಂದು ಇಟ್ಟ, ಅಷ್ಟೇ. ಬೇರೆ ಯಾವ ಯೋಚನೆಯೂ ಅವನ ತಲೆಯಲ್ಲಿರಲಿಲ್ಲ.

ವ್ಯಾಪಾರಿ ಚಾಪೆ ನೋಡಿದ. 'ಆಗಲಿ' ಎಂದ. ಬಾಯಿಗೆ ಇನ್ನೂ ಎಲೆ ಹಾಕಿಕೊಂಡಿರಲಿಲ್ಲ.

ರೈತ ಒಳ್ಳೆಯವನು ಎಂದೆನಲ್ಲ. 'ಮಗಳನ್ನೂ ಒಂದು ಮಾತು ಕೇಳಿ' ಎಂದ. ಅವಳು ಬಂದು ಬಾಗಿಲಲ್ಲಿ ನಿಂತಳು. ಚಾಪೆ ನೋಡಿದಳು. ಅವನ ಮುಖ ನೋಡಿದಳು. 'ನನಗೆ ಒಪ್ಪಿಗೆ' ಎಂದಳು.

ಮದುವೆಯಾಯಿತು. ಗಂಡನ ಮನೆಗೆ ಕಳಿಸುವಾಗ ತಾಯಿ ಮಗಳ ಕಿವಿಯಲ್ಲಿ, 'ಎದುರು ಮಾತಾಡಬೇಡ ನನ್ನವ್ವಾ' ಎಂದು ಹೇಳಿ ಕಣ್ಣೊರೆಸಿಕೊಂಡಳು. ಆ ಕಾಲದಲ್ಲಿ ಆ ಊರಿನ ತಾಯಂದಿರೆಲ್ಲ ಹಾಗೇ ಹೇಳಿ ಕಳಿಸುತ್ತಿದ್ದರು. ಅವಳು ತಾಯಿಯ ಮಾತು ನಡೆಸಿದಳು. ರೈತ ತಡವಾಗಿ ಬಂದರೆ ಯಾಕೆ ಎನ್ನಲಿಲ್ಲ. ಕೆಸರುಗಾಲಲ್ಲಿ ಅಡುಗೆಮನೆಗೆ ನುಗ್ಗಿದರೆ ಹಿಂದಿನಿಂದ ಒರೆಸಿದಳು. ಅವನು ಬೇಕೆಂದೇ ತಪ್ಪು ಮಾಡಿ ಬೈಗುಳಕ್ಕೆ ಕಾದ. ಬೈಗುಳ ಬರಲಿಲ್ಲ. ಇದೂ ತನ್ನ ಅದೃಷ್ಟ ಎಂದುಕೊಂಡ.

ಹೀಗೇ ಎಷ್ಟೋ ವರ್ಷ ಕಳೆದ ಮೇಲೆ ಅವನ ಬಾಲ್ಯದ ಗೆಳೆಯ, ಒಬ್ಬ ನೇಕಾರ, ತನ್ನ ಮಗಳನ್ನು ಕೇಳಲು ಬರುತ್ತಾರೆ, ಹಿರಿಯನಾಗಿ ಬಂದು ಕೂರು ಎಂದು ಕರೆದ. ರೈತ ಹೋದ. ಗಂಡಿನ ಕಡೆಯವರು ಬಂದರು. ಕೂತರು. ಗಂಡಿನ ಅಣ್ಣ ಸೊಂಟದಿಂದ ಕೋವಿ ತೆಗೆದು ಚಾಪೆಯ ಮೇಲಿಟ್ಟ. ಒತ್ತುತ್ತಿತ್ತೋ ಏನೋ. ನೇಕಾರ 'ಆಗಲಿ' ಎಂದ. ಅವರು ನಗುನಗುತ್ತಾ ಹೋದರು. ರೈತ ಗೆಳೆಯನನ್ನು ಹುಡುಕಿದರೆ, ಅವನು ಹಿತ್ತಲಲ್ಲಿ ಮಗ್ಗದ ಕೋಲು ಹಿಡಿದು ಬಿಕ್ಕಿ ಬಿಕ್ಕಿ ಅಳುತ್ತಿದ್ದ. 'ಇಲ್ಲ ಅನ್ನಬೇಕು ಅಂತಲೇ ಕೂತಿದ್ದೆನಪ್ಪಾ, ಬಾಯಿಂದ ಬರಲಿಲ್ಲ' ಎಂದ.

ರೈತ ಅಲ್ಲಿಂದ ಮನೆಗೆ ಹೇಗೆ ಬಂದನೋ ಅವನಿಗೇ ಗೊತ್ತಿಲ್ಲ. ಎತ್ತು ಮಾರುವವನ ಹೂಂ, ಪಕ್ಕದ ಹೊಲದವನ ನಗೆ, ಮಾವನ ಆಗಲಿ, ಎಲ್ಲವೂ ಒಂದೊಂದಾಗಿ ಕಣ್ಣೆದುರು ಬಂದವು. ಕೊನೆಗೆ ಬಾಗಿಲಲ್ಲಿ ನಿಂತ ಹುಡುಗಿಯೂ ಬಂದಳು. ಅವಳು ಮೊದಲು ನೋಡಿದ್ದು ಚಾಪೆಯನ್ನು. ಅವಳು ಒಪ್ಪಿದ್ದು ತನ್ನನ್ನೋ, ಚಾಪೆಯ ಮೇಲಿದ್ದದ್ದನ್ನೋ? ಅದೊಂದು ತಿಳಿದರೆ ಸಾಕು, ಇನ್ನೇನೂ ಬೇಡ ಎನಿಸಿತು ಅವನಿಗೆ.

ಕೋವಿಯನ್ನು ಒಯ್ದು ಪಾಳುಬಾವಿಗೆ ಎಸೆದ. ಸರಿ, ಪೀಡೆ ಕಳೆಯಿತು, ಇನ್ನು ಜನ ಮೊದಲಿನಂತೆ ಮಾತಾಡುತ್ತಾರೆ ಎಂದುಕೊಂಡ. ಪಕ್ಕದ ಹೊಲದವನ ಹತ್ತಿರ ಹೋಗಿ, 'ನನ್ನ ಹತ್ತಿರ ಈಗ ಏನೂ ಇಲ್ಲ, ನನ್ನ ಎಮ್ಮೆಯ ವಿಚಾರ ಏನಿದ್ದರೂ ಬಾಯಿಬಿಟ್ಟು ಬೈಯಯ್ಯ' ಎಂದ. ಅವನು, 'ಛೆ ಛೆ, ತಮಗೆ ಬೈಯುವುದೇ!' ಎಂದು ಹಲ್ಲು ಕಿರಿದ. ರೈತ ವಲ್ಲಿ ಬಿಚ್ಚಿ ಸೊಂಟ ತೋರಿಸಿದ. ಅವನು ಇನ್ನೂ ಎರಡು ಹೆಜ್ಜೆ ಹಿಂದೆ ಸರಿದು ಕೈಮುಗಿದ. ಸೊಂಟದಲ್ಲಿಲ್ಲದಿದ್ದರೆ ಗಾಡಿಯಲ್ಲಿರುತ್ತದೆ, ಗಾಡಿಯಲ್ಲಿಲ್ಲದಿದ್ದರೆ ಮನೆಯಲ್ಲಿರುತ್ತದೆ ಎಂದು ಅವನ ಲೆಕ್ಕ. ತಪ್ಪೆನ್ನಲಾಗುತ್ತದೆಯೇ?

ರೈತ ಚಾವಡಿಗೆ ಓಡಿದ. ಅಲ್ಲಿ ಹಳೆಯ ಯಜಮಾನ ಒಬ್ಬನೇ ಕೂತಿದ್ದ. ಜನ ಅಲ್ಲಿಗೆ ಬರುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. 'ಯಜಮಾನರೇ, ನನ್ನ ಹತ್ತಿರ ಕೋವಿ ಇಲ್ಲ ಎಂದು ಊರಿಗೆ ಸಾರಿಬಿಡಿ, ನಿಮ್ಮ ಕಾಲಿಗೆ ಬೀಳುತ್ತೇನೆ' ಎಂದ.

'ಸಾರುವುದು ಹೇಗಪ್ಪಾ?' ಎಂದ ಯಜಮಾನ. 'ಮುಂಚೆ ಇಲ್ಲಿ ಕೇಳಿ ಒಯ್ಯುತ್ತಿದ್ದಿರಿ, ಇಲ್ಲಿಗೇ ತಂದು ಕೊಡುತ್ತಿದ್ದಿರಿ. ನಾವು ಕಂಡಿದ್ದೆವು, ಹೇಳುತ್ತಿದ್ದೆವು. ಈಗ ನೀನು ತಂದದ್ದನ್ನೂ ಕಂಡಿಲ್ಲ, ಎಸೆದದ್ದನ್ನೂ ಕಂಡಿಲ್ಲ. ಒಂದು ಎಸೆದವನು ಇನ್ನೊಂದು ಕೊಂಡಿಲ್ಲ ಎಂದು ಯಾವ ಬಾಯಲ್ಲಿ ಹೇಳಲಿ?'

ರೈತ ಮನೆಗೆ ಬಂದ. ಹೆಂಡತಿ ಅಂಗಳದಲ್ಲಿ ಕಾಳು ಹಸನು ಮಾಡುತ್ತಿದ್ದಳು. ಎದುರಿಗೆ ನೆಲದ ಮೇಲೆ ಕೂತು ಕೇಳಿದ:

'ಅವತ್ತು ನೀನು ಒಪ್ಪಿದ್ದು ಮನಸ್ಸಿನಿಂದಲೋ, ಹೆದರಿಯೋ? ನಿಜ ಹೇಳು. ಇಲ್ಲ ಎಂದರೂ ನಾನು ಏನೂ ಅನ್ನುವುದಿಲ್ಲ.'

'ಮನಸ್ಸಿನಿಂದಲೇ ಒಪ್ಪಿದೆ' ಎಂದಳು ಅವಳು.

ಅವನು ಅವಳ ಮುಖವನ್ನೇ ನೋಡಿದ. ಪಕ್ಕದ ಹೊಲದವನೂ ಹೀಗೇ ಕಣ್ಣಲ್ಲಿ ಕಣ್ಣಿಟ್ಟು ಪರವಾಗಿಲ್ಲ ಎಂದಿದ್ದ. ಮಾರನೆಯ ದಿನ ಮತ್ತೆ ಕೇಳಿದ. ಅದೇ ಉತ್ತರ. ಊಟಕ್ಕೆ ಕೂತಾಗ ಕೇಳಿದ, ಗಾಡಿ ಹೂಡುವಾಗ ಕೇಳಿದ. ಅದೇ ಉತ್ತರ. ಕೇಳಿದಷ್ಟೂ ಅವಳ ದನಿ ಸಣ್ಣದಾಯಿತು. ದನಿ ಸಣ್ಣದಾದಷ್ಟೂ ಅವನಿಗೆ, ನೋಡು, ಹೆದರಿದ್ದಾಳೆ ಎನಿಸಿತು. ಅನ್ನ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಒಲ್ಲದವಳನ್ನು ಹಿಡಿದಿಟ್ಟುಕೊಂಡ ಪಾಪ ನನಗೆ ಬೇಡ ಎಂದು ತೀರ್ಮಾನಿಸಿ, ಒಂದು ಬೆಳಗ್ಗೆ ಅವಳನ್ನು ಗಾಡಿಯಲ್ಲಿ ಕೂರಿಸಿಕೊಂಡು ತವರಿನ ಬಾಗಿಲಲ್ಲಿ ಇಳಿಸಿದ.

'ನಿನ್ನನ್ನು ಬಿಟ್ಟುಕೊಟ್ಟಿದ್ದೇನೆ. ಇಲ್ಲಿ ನಿನ್ನ ಅಪ್ಪ ಅಮ್ಮ ಇದ್ದಾರೆ, ಹೆದರಿಕೆಯಿಲ್ಲದೆ ಇರು' ಎಂದ.

ಅವಳು ಗಾಡಿಯ ಮುಂದಿನ ಮೂಕಿಮರ ಹಿಡಿದುಕೊಂಡಳು. 'ನಿಮಗೇನು ತಲೆ ಕೆಟ್ಟಿದೆಯೇ? ಎಷ್ಟು ಸಲ ಹೇಳಿದರೆ ನಿಮ್ಮ ಕಿವಿಗೆ ಹೋಗುತ್ತದೆ? ನನಗೆ ನೀವು ಬೇಕು, ಗಾಡಿ ತಿರುಗಿಸಿ!' ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು.

ಇಷ್ಟು ವರ್ಷ ಕಾದಿದ್ದ ಬೈಗುಳ ಅಂದು ಬಂತು. ರೈತನ ಮುಖ ಅರಳಿತು. ಅಷ್ಟರಲ್ಲಿ ಅವಳ ಹಿಂದೆ ಮಾವ ಬಂದು ನಿಂತ. ಕೈಮುಗಿದುಕೊಂಡು, 'ತಮ್ಮ ಕೋಪಕ್ಕೆ ನಾವು ಏನು ತಪ್ಪು ಮಾಡಿದೆವು? ಇವಳನ್ನು ಕರೆದುಕೊಂಡು ಹೋಗಿ ಸ್ವಾಮಿ' ಎಂದ. ರೈತ ಆ ಮುಗಿದ ಕೈ ನೋಡಿದ. ಓಹೋ, ಈ ಮಾತನ್ನೂ ಅಪ್ಪನೇ ಹೇಳಿಕೊಟ್ಟಿದ್ದಾನೆ ಎಂದುಕೊಂಡ. ಮೂಕಿಯಿಂದ ಅವಳ ಬೆರಳು ಬಿಡಿಸಿ, ಎತ್ತು ಹೊಡೆದುಕೊಂಡು ಹೋದ. ಮತ್ತೆ ಆ ಬೀದಿಗೆ ಬರಲಿಲ್ಲ. ಪ್ರತಿ ಸುಗ್ಗಿಯಲ್ಲೂ ಆಳಿನ ಕೈಯಲ್ಲಿ ಕಾಳು ಕಳಿಸಿದ. ಅವಳು ಆ ಬಾಗಿಲಲ್ಲೇ ಮುದುಕಿಯಾದಳು. ಅವನು ತನ್ನ ಮನೆಯಲ್ಲಿ ಮುದುಕನಾದ, ತಾನೊಂದು ಒಳ್ಳೆಯ ಕೆಲಸ ಮಾಡಿದೆ ಎಂದುಕೊಂಡೇ ಸತ್ತ.

ಗುರುಗಳು ನಿಲ್ಲಿಸಿದರು. ಅಡವೆಪ್ಪನಿಗೆ ತಡೆಯಲಾಗಲಿಲ್ಲ.

"ಅಜ್ಜಯ್ಯ, ಬಾಯಿ ಹಾಕಿದೆ ಅಂತ ಬೈಯಬೇಡಿ. ಅವಳು ಹೇಳಿದ್ದು ನಿಜವೋ, ಹೆದರಿ ಹೇಳಿದ್ದೋ?"

"ನಿಜವೇ ಕಣೋ," ಎಂದರು ಗುರುಗಳು, "ಅವನು ಬಂದು ಆ ಜಗುಲಿಯ ಮೇಲೆ ಕೂರುವ ಮೊದಲೇ ಅವಳು ಮನಸ್ಸಿನಲ್ಲಿ ಒಪ್ಪಿಯಾಗಿತ್ತು."