ಧ್ಯಾನಕ್ಕೆ ಕೂತ ದೋಣಿ

ಗುರುವಿನ ಕರುಣೆಗೆ ಹೊತ್ತುಗೊತ್ತಿಲ್ಲ. ಅದು ಹೊಳೆದಂಡೆಯ ಒಂದು ಆಶ್ರಮದಲ್ಲಿ ಕಾಲು ತೊಳೆಯುವ ನೀರಿನಲ್ಲಿ ಇಳಿದು ಬಂದ ಕಥೆ ಇದು.

ಅಚ್ಯುತ ಸ್ವಾಮಿಗಳ ಶಿಷ್ಯ ಕುಪ್ಪಯ್ಯನಿಗೆ ಇಬ್ಬರು ದೇವರು. ಒಬ್ಬ, ಗುಡಿಯೊಳಗಿನ ಗೋಪಾಲಕೃಷ್ಣ. ಇನ್ನೊಬ್ಬ, ಆಶ್ರಮದ ದೋಣಿಯ ಬೆನ್ನಿಗೆ ಕಟ್ಟುವ ಹಳೆಯ ಎಂಜಿನ್.

ಕೆಟ್ಟು ಮೂಲೆ ಸೇರಿದ್ದ ಆ ಎಂಜಿನ್ನನ್ನು ಕುಪ್ಪಯ್ಯ ಪೂರ್ತಿ ಬಿಚ್ಚಿ, ತೊಳೆದು, ಮತ್ತೆ ಜೋಡಿಸಿದ್ದ. ಹಗ್ಗ ಎಳೆದರೆ ಸಾಕು, ಗುಡುಗುತ್ತಿತ್ತು. ಅರ್ಧ ಹೊಳೆ ದಾಟುವಷ್ಟರಲ್ಲಿ ಕೆಮ್ಮಿ ಕೆಮ್ಮಿ ನಿಲ್ಲುತ್ತಿತ್ತು.

ಟ್ಯಾಂಕಿನ ಮುಚ್ಚಳ ತೆಗೆದು ನೋಡಿದರೆ ಪೆಟ್ರೋಲ್ ಬೇಕಾದಷ್ಟು. ಮುಚ್ಚಿ ಹಗ್ಗ ಎಳೆದರೆ ಮತ್ತೆ ಹೊರಡುತ್ತಿತ್ತು. ಇನ್ನಷ್ಟು ದೂರ ಹೋಗಿ ಮತ್ತೆ ನಿಲ್ಲುತ್ತಿತ್ತು. ಪ್ಲಗ್ ಬದಲಿಸಿದ್ದಾಯಿತು, ಕಾರ್ಬುರೇಟರ್ ಊದಿದ್ದಾಯಿತು, ಹೊಸ ಪೈಪು ಹಾಕಿದ್ದಾಯಿತು. ರೋಗ ಮಾತ್ರ ಅದೇ.

ಹೊಳೆಯೊಳಗೆ, ಆಚೆ ದಡದ ಹತ್ತಿರ ಒಂದು ಕುದ್ರು. ನಾಲ್ಕೂ ಕಡೆ ನೀರು, ನಡುವೆ ಒಂದಿಷ್ಟು ಮನೆಗಳು. ಅಲ್ಲಿಯವರು ನಗುತ್ತಿದ್ದರು. "ಸ್ವಾಮಿಗಳ ದೋಣಿಯಲ್ಲವೇ. ಅರ್ಧ ಹೊಳೆಗೆ ಬಂದರೆ ಧ್ಯಾನಕ್ಕೆ ಕೂರುತ್ತದೆ."

ಒಂದು ಬೆಳಿಗ್ಗೆ ಅದೇ ಕುದ್ರುವಿನಿಂದ ಕೂಗು ಬಂತು. ಪದ್ದಕ್ಕ ದಡದಲ್ಲಿ ನಿಂತು ಸೆರಗು ಬೀಸುತ್ತಿದ್ದಳು. ಅವಳ ಮಗಳಿಗೆ ಹೆರಿಗೆ ನೋವು ಶುರುವಾಗಿತ್ತು.

ಹಿಂದಿನ ದಿನದ ಮಳೆಗೆ ಹೊಳೆ ಉಕ್ಕಿತ್ತು. ಹುಟ್ಟು ಹಾಕಿ ದಾಟುವ ಮಾತೇ ಇಲ್ಲ. ನಡುವೆ ಎಂಜಿನ್ ನಿಂತರೆ, ಮತ್ತೆ ಹಗ್ಗ ಎಳೆಯುವಷ್ಟರಲ್ಲಿ ಸೆಳೆತ ದೋಣಿಯನ್ನು ನೇರ ಕಡಲಿಗೆ ಒಯ್ಯುತ್ತದೆ, ಬಸುರಿಯ ಸಮೇತ.

ಕುಪ್ಪಯ್ಯ ಗುರುಗಳ ಬಳಿಗೆ ಓಡಿದ. ಏದುಸಿರು ಬಿಡುತ್ತಲೇ ಎಲ್ಲ ಹೇಳಿದ. ಎಂಜಿನ್ ಮುಟ್ಟಿ ಹರಸಿರೆಂದು ಬೇಡಿಕೊಂಡ.

"ಮೊದಲು ನನ್ನ ಕಾಲಿಗೆ ನೀರು ಹಾಕು," ಎಂದರು ಗುರುಗಳು.

ಎಂಥ ಹೊತ್ತಿನಲ್ಲಿ ಇದೆಂಥ ಮಾತು ಎಂದು ಕುಪ್ಪಯ್ಯನಿಗೆ ಎನಿಸಿತು. ಆದರೂ ಗುರುವಾಕ್ಯ. ಗಿಂಡಿ ಎತ್ತಿ ಬಗ್ಗಿಸಿದ. ಅದರ ಮಗ್ಗುಲಿನ ಕೊಂಬಿನಿಂದ ನೀರು ಸುರಿಯತೊಡಗಿತು. ಗುರುಗಳು ಗಿಂಡಿಯ ಬಾಯಿಯ ಮೇಲೆ ಅಂಗೈ ಒತ್ತಿದರು. ಧಾರೆ ಸಣ್ಣದಾಗಿ, ಹನಿಯಾಗಿ, ನಿಂತೇಹೋಯಿತು.

"ಯಾಕೆ ನಿಲ್ಲಿಸಿದೆ, ಕುಪ್ಪ?"

"ನಾನಲ್ಲ ಗುರುಗಳೇ. ಬಾಯಿ ಮುಚ್ಚಿದ್ದು ನೀವು."

"ನೀರು ಬರುವುದು ಕೊಂಬಿನಿಂದ. ಬಾಯಿ ಮುಚ್ಚಿದರೆ ಅದಕ್ಕೇನು?"

"ಒಳಗೆ ಗಾಳಿ ಹೋಗಬೇಕಲ್ಲ..."

ಮಾತು ಅಲ್ಲಿಗೇ ನಿಂತಿತು. ಗಿಂಡಿ ಗುರುಗಳ ಕೈಯಲ್ಲಿ ಉಳಿಯಿತು. ಕುಪ್ಪಯ್ಯ ದೋಣಿಯಲ್ಲಿದ್ದ.

ಪ್ರತಿ ಬೆಳಿಗ್ಗೆ ಗೋಪಾಲಕೃಷ್ಣನಿಗೆ ಹಚ್ಚಿ ಉಳಿದ ಗಂಧವನ್ನು ಅವನು ಎಂಜಿನ್ನಿಗೂ ಇಡುತ್ತಿದ್ದ, ಟ್ಯಾಂಕಿನ ಮುಚ್ಚಳದ ನಟ್ಟನಡುವೆ. ಒಣಗಿದ ಗಂಧ ಪದರುಗಟ್ಟಿ ಬಿಲ್ಲೆಯಾಗಿತ್ತು. ಉಗುರಿನಿಂದ ಕೆರೆದ. ಅಡಿಯಲ್ಲಿ ಗಾಳಿಗೆಂದೇ ಬಿಟ್ಟ, ಸೂಜಿ ತೂರುವಷ್ಟು ಒಂದು ತೂತು. ಪೊರಕೆಕಡ್ಡಿ ಹಾಕಿ ಬಿಡಿಸಿದ. ಉಸಿರುಗಟ್ಟಿದವನು ಉಸಿರೆಳೆದಂತೆ ಟ್ಯಾಂಕು ಸುಯ್ಯೆಂದಿತು.

ಗೋವಿಂದ ಎಂದು ಹಗ್ಗ ಎಳೆದ. ಅರ್ಧ ಹೊಳೆ ಬಂತು. ಅವನು ಉಸಿರು ಬಿಗಿಹಿಡಿದ, ಎಂಜಿನ್ ಹಿಡಿಯಲಿಲ್ಲ. ಅರ್ಧ ಹೊಳೆ ಹಿಂದಾಯಿತು. ಕುಪ್ಪಯ್ಯನಿಗೆ ನಗುವೋ ಅಳುವೋ ತಿಳಿಯಲಿಲ್ಲ, ಎರಡೂ ಬಂದವು.

ಪದ್ದಕ್ಕ ದೋಣಿ ಹತ್ತಿ ಮಗಳನ್ನು ಮಡಿಲಲ್ಲಿ ಮಲಗಿಸಿಕೊಂಡಳು. ಇವತ್ತು ಧ್ಯಾನ ಬೇಡ ಮಾರಾಯ, ಎಂದು ಎಂಜಿನ್ನಿಗೇ ಕೈಮುಗಿದಳು. ಅದು ಕೇಳಿತು. ಈಚೆ ದಡದಲ್ಲಿ ಗುರುಗಳು ಕರೆಸಿದ್ದ ಜೀಪು ಕಾದಿತ್ತು. ಮಧ್ಯಾಹ್ನಕ್ಕೆ ಆಸ್ಪತ್ರೆಯಿಂದ ಸುದ್ದಿ ಬಂತು: ಹೆಣ್ಣುಮಗು, ತಾಯಿ ಕ್ಷೇಮ.

ಕುಪ್ಪಯ್ಯ ಕುಣಿಯುತ್ತಲೇ ಬಂದು ಗುರುಗಳ ಪಾದಕ್ಕೆ ಬಿದ್ದ. ಏಳುವಾಗ ಅವನ ಮುಖ ಬಾಡಿತ್ತು.

"ಗುರುಗಳೇ, ಅದರ ಉಸಿರು ಕಟ್ಟಿಸಿದ್ದು ನನ್ನ ಭಕ್ತಿಯೇ. ಇನ್ನು ಮೇಲೆ ಗಂಧ ಇಡುವುದೇ ಬೇಡವೇ?"

"ಇಡು ಮಗು," ಎಂದರು ಗುರುಗಳು. "ಹಣೆ ಯಾವುದು, ಮೂಗು ಯಾವುದು ಎಂದು ನೋಡಿ ಇಡು."