ಮಂದ ನಕ್ಷತ್ರದ ನಿಜವಾದ ವರ್ಗ

ಬೋಳುಗುಡ್ಡವೊಂದರ ನೆತ್ತಿಯ ಮೇಲೆ ಒಂದು ವೀಕ್ಷಣಾಲಯವಿತ್ತು. ಅಲ್ಲಿ ಚನ್ನವೀರಪ್ಪ ಎಂಬ ಗುರುಗಳ ಬಳಿ ಶಾಲ್ಮಲಾ ಎಂಬ ತರುಣಿ ನಕ್ಷತ್ರಗಳ ವಿದ್ಯೆ ಕಲಿಯುತ್ತಿದ್ದಳು.

ಬರಿಗಣ್ಣಿಗೆ ಕಾಣದ ಒಂದು ಮಂದ ನಕ್ಷತ್ರದ ಮೇಲೆ ಅವಳ ಮನಸ್ಸು ನೆಟ್ಟಿತ್ತು. ಅದರ ಬೆಳಕು ಒಂದೇ ಅಂತರದ ದಿನಗಳಿಗೊಮ್ಮೆ ಕೂದಲೆಳೆಯಷ್ಟು ತಗ್ಗಿ, ಮತ್ತೆ ಮೊದಲಿನಂತಾಗುತ್ತಿತ್ತು. ಯಾವುದೋ ಗ್ರಹ ಅದರ ಮುಂದೆ ಹಾದುಹೋಗುತ್ತಿದೆ ಎಂದು ಅವಳಿಗೆ ಹೊಳೆಯಿತು. ನಕ್ಷತ್ರದ ಬಣ್ಣ ನಮ್ಮ ಸೂರ್ಯನದೇ. ಹಾಗಾದರೆ ಗಾತ್ರವೂ ಸೂರ್ಯನಷ್ಟೇ ಇರಬೇಕೆಂದು ಲೆಕ್ಕ ಹಾಕಿದಳು. ತಗ್ಗಿದ ಬೆಳಕಿನ ಪಾಲಿನಿಂದ ಅಳೆದರೆ ಗ್ರಹ ಭೂಮಿಯಷ್ಟೇ ಬಂತು! ಶಾಲ್ಮಲಾ ಕುಣಿದಾಡಿದಳು. ಸುದ್ದಿ ಕೇಳಿದ ಅವಳ ತಾಯಿ ಓಣಿ ತುಂಬ ಹೇಳಿಕೊಂಡು ಬಂದರು. ಪತ್ರಿಕೆಯವರನ್ನು ಕರೆಯುವ ದಿನವೂ ನಿಗದಿಯಾಯಿತು.

ಗುರುಗಳು ಮಾತ್ರ ಒಂದು ಮಾತು ಕೇಳಿದರು. "ಬಣ್ಣ ನೋಡೀದಿ, ಸರಿ. ಬೆಳಕಿನ ಗೆರಿ ನೋಡೀದಿಯೇನು?"

ನಕ್ಷತ್ರದ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದರೆ ನಡುನಡುವೆ ಕಪ್ಪು ಗೆರೆಗಳು ಕಾಣುತ್ತವೆ. ಸೂರ್ಯನಂತೆ ಮೈ ಬಿಗಿಯಾಗಿರುವ ನಕ್ಷತ್ರದಲ್ಲಿ ಕೆಲವು ಗೆರೆಗಳು ದಪ್ಪ. ಉಬ್ಬಿ ಸಡಿಲವಾದ ನಕ್ಷತ್ರದಲ್ಲಿ ಅವೇ ಗೆರೆಗಳು ತೆಳು. ಶಾಲ್ಮಲಾ ಆ ಪರೀಕ್ಷೆಯನ್ನೂ ಮಾಡಿದಳು. ಗೆರೆಗಳು ತೆಳ್ಳಗಿದ್ದವು.

ಅದು ಸೂರ್ಯನಂಥ ನಕ್ಷತ್ರವಲ್ಲ. ಒಡಲಾಳದ ಜಲಜನಕ ತೀರಿ, ಈಗಷ್ಟೇ ಹಿಗ್ಗತೊಡಗಿದ ಉಪದೈತ್ಯ ಎಂಬ ವರ್ಗದ್ದು. ಸೂರ್ಯನ ಎರಡರಷ್ಟು ಅಗಲ. ಮಂದವಾಗಿ ಕಂಡದ್ದು ಬರೀ ದೂರದಿಂದ. ನಕ್ಷತ್ರ ದೊಡ್ಡದಾದರೆ ಅದರ ಅಷ್ಟೇ ಪಾಲು ಬೆಳಕನ್ನು ಮರೆಸುವ ಗ್ರಹವೂ ದೊಡ್ಡದೇ ಆಯಿತಲ್ಲ! ಮೇಲಾಗಿ ಅಂಥ ಪ್ರಖರ ನಕ್ಷತ್ರದ ಹತ್ತಿರವೇ ಸುತ್ತುವ, ಕಾದ ಹಂಚಿನಂಥ ಗ್ರಹ. ಅಲ್ಲಿ ಹನಿ ನೀರೂ ನಿಲ್ಲದು.

ಪಕ್ಕದಲ್ಲಿದ್ದ ಗೆಳೆಯ ಇಮ್ತಿಯಾಜ್ ಮೆಲ್ಲಗೆ ಹೇಳಿದ. "ಇಷ್ಟು ಮಂದ ನಕ್ಷತ್ರದ್ದು ಗೆರಿ ತಪ್ಪೂ ಇರಬಹುದು. ನಾಳೆ ಪತ್ರಿಕೆಯವರಿಗೆ ಭೂಮಿಯಂಥದ್ದೇ ಅಂತ ಹೇಳಿಬಿಡು. ಮುಂದಿನ ವರ್ಷ ತಿದ್ದಿದರಾತು."

ಆ ಮಾತು ಅವಳಿಗೆ ಹಿತವೆನಿಸಿತು. ಹಿತವೆನಿಸಿದ್ದಕ್ಕೇ ಭಯವೂ ಆಯಿತು. ಗೆರೆಗಳನ್ನು ಮತ್ತೆ ಅಳೆದಳು. ಬದಲಾಗಲಿಲ್ಲ. ಗುರುಗಳ ಮುಂದೆ ಹೋಗಿ ನಿಂತಳು.

"ಯಾವ ವರ್ಗದ್ದವ್ವಾ?" ಎಂದರು ಅವರು.

"ಉಪದೈತ್ಯ, ಸರ್." ಅವಳ ದನಿ ಬಿದ್ದುಹೋಗಿತ್ತು.

"ನಾಳೆ ಮಾತಾಡೋಳು ನೀನು. ನಾ ನಡುವ ಬಾಯಿ ಹಾಕೂದಿಲ್ಲ," ಎಂದಷ್ಟೇ ಹೇಳಿ ಗುರುಗಳು ಎದ್ದುಹೋದರು.

ಮರುದಿನ ಸಭೆ ತುಂಬಿತ್ತು. ಶಾಲ್ಮಲಾ ಎದ್ದುನಿಂತಳು. "ನಾನು ಎಣಿಸಿದ್ದು ತಪ್ಪು. ಇದು ಭೂಮಿಯಂಥ ಗ್ರಹವಲ್ಲ. ಅದರ ನಕ್ಷತ್ರ ಮುಪ್ಪಿನ ಕಡೆಗೆ ಮೊದಲ ಹೆಜ್ಜೆ ಇಟ್ಟಿದೆ. ನಮ್ಮ ಸೂರ್ಯನೂ ಒಂದು ಕಾಲಕ್ಕೆ ಹೀಗೇ ಹಿಗ್ಗುತ್ತಾನೆ," ಎಂದಳು.

ಪತ್ರಿಕೆಯವರು ಒಬ್ಬೊಬ್ಬರಾಗಿ ಎದ್ದು ಹೊರಟರು. ಒಬ್ಬನಂತೂ "ಇದಕ್ಕ ಗುಡ್ಡ ಹತ್ತಬೇಕಿತ್ತೇನ್ರಿ?" ಎಂದು ಗೊಣಗಿದ. ಅವಳಿಗೆ ಅಳುವೇ ಬಂತು. ಕುರ್ಚಿಗಳೆಲ್ಲ ಖಾಲಿಯಾದ ಮೇಲೂ ಗುರುಗಳು ಅಲ್ಲೇ ಕೂತಿದ್ದರು. "ಪ್ರಾಯಕ್ಕೂ ಮುಪ್ಪಿಗೂ ನಡುವಿನ ಈ ಹಂತ ಬಲು ಸಣ್ಣದು. ಅದಕ್ಕ ಇಂಥ ನಕ್ಷತ್ರದ ವಯಸ್ಸು ನಿಚ್ಚಳ ತಿಳೀತದ. ಬಾ, ಅದನ್ನ ಕಂಡುಹಿಡಿಯೋಣು," ಎಂದರು.

ಸಂಜೆ ತಾಯಿಗೆ ಫೋನ್ ಮಾಡಿ ಎಲ್ಲ ಹೇಳಿದಳು. "ಓಣಿಯವರಿಗೆ ಭೂಮಿಯಂಥದ್ದಲ್ಲ ಅಂತ ಹೇಳಿಬಿಡವ್ವಾ."

ತಾಯಿ ಕೇಳಿದರು. "ಸೂರ್ಯಗೂ ವಯಸ್ಸಾಗ್ತದೇನ?"

"ಹೌದವ್ವಾ."

"ಇಷ್ಟು ವರ್ಷ ದಿನಾ ಕೈ ಮುಗದೀನಿ, ನನಗ ಇದು ಗೊತ್ತಿರಲಿಲ್ಲ ನೋಡು. ಓಣಿಯವರಿಗೆ ಇದನ್ನೇ ಹೇಳ್ತೀನಿ, ಬಿಡು."

ನೀತಿ: ಕಂಡದ್ದಕ್ಕೆ ನಮಗೆ ಬೇಕಾದ ಹೆಸರಿಡುವುದು ಆಸೆ. ಅದು ಇದ್ದಂತೆಯೇ ಅರಿತು, ಇದ್ದಂತೆಯೇ ಹೇಳುವುದು ವಿದ್ಯೆ. ನಿಜ ಹೇಳಿ ಕಳೆದುಕೊಂಡ ಮೆಚ್ಚುಗೆ ನಷ್ಟವಲ್ಲ.